ವಿಷದ ಡಾಕ್ಟರನಿಗೆ ಇಟ್ಟ ತಾಟು

ಗುರುವಾರ ನಾವೆ ಬರುವ ಹೊತ್ತಿಗೆ ಹೊಳೆಯ ಘಟ್ಟದ ಬಸಕ್ಕ ಒಣಗಿದ ಧೋತರ, ಒಂದು ಕಂಬಳಿ, ಒಂದು ಕೊಡ ಬಿಸಿನೀರು ಇಟ್ಟುಕೊಂಡು ಮೆಟ್ಟಿಲ ಮೇಲೆ ಕುಳಿತಿರುತ್ತಾಳೆ. ನೀರಿನಲ್ಲಿ ಮುಳುಗಿ ಸತ್ತವರಿಗೆ ಧೋತರ ಬೇಕು. ಗಲ್ಲಿಗೇರಿದವರಿಗೆ ಕೊರಳಿಗೆ ಸುತ್ತಿಕೊಳ್ಳಲು ಮೆತ್ತಗಿನ ಅರಿವೆ ಬೇಕು. ಬೆಂಕಿಯಲ್ಲಿ ಬೆಂದವರಿಗೆ ಬೆಣ್ಣೆ. ಮಾಳಿಗೆಯಿಂದ ಬಿದ್ದವರಿಗೆ ಏನೂ ಬೇಕಾಗುವುದಿಲ್ಲ. ಅವರು ಸ್ವಲ್ಪ ಹೊತ್ತು ಕುಕ್ಕರಗಾಲಿನಲ್ಲಿ ಕುಳಿತು ನೆಲವನ್ನು ಮುಟ್ಟಿ ಮುಟ್ಟಿ ನೋಡುತ್ತಾರೆ, ಅಷ್ಟೆ. ಇವರೆಲ್ಲ ಬಿಳಿಯರ ದೇಶದ ಕಥೆಗಳ ಖಳರು. ಅಲ್ಲಿ ಕಥೆ ಮುಗಿದ ಮೇಲೆ ನಮ್ಮೂರಿಗೆ ಬರುತ್ತಾರೆ.

ಕಥೆಗಳು ಮೊದಲು ಬರುತ್ತವೆ, ಖಳರು ಆಮೇಲೆ. ಪ್ರೆಸ್ಸಿನ ರಾಚಪ್ಪ ಆ ದೇಶದ ಕಥೆಯ ಹಾಳೆಗಳನ್ನು ತರಿಸಿ, ಕನ್ನಡ ಮಾಡಿಸಿ, ಸೋಮವಾರಕ್ಕೊಂದು ಕಂತಿನಂತೆ ಅಚ್ಚು ಹಾಕುತ್ತಾನೆ. ಓದು ಬಂದವರು ಕೊಂಡು ಓದುತ್ತಾರೆ, ಬಾರದವರು ಸಂತೆಯ ಕಟ್ಟೆಯ ಮೇಲೆ ಕುಳಿತು ಓದಿಸಿ ಕೇಳುತ್ತಾರೆ. ಕೊನೆಯ ಕಂತು ಬಂದ ವಾರದ ಗುರುವಾರ ಆ ಕಥೆಯ ಖಳ ನಾವೆಯಿಂದ ಇಳಿಯುತ್ತಾನೆ. ಜನ ಘಟ್ಟಕ್ಕೆ ಹೋಗಿ ನೋಡಿಕೊಂಡು ಬಂದು ಮನೆಯಲ್ಲಿ ಹೇಳುತ್ತಾರೆ. "ಈ ಸಲದಾಂವ ಹೆಂಗದಾನ?" "ಚಿತ್ರದಾಗಿನಕಿಂತ ಗಿಡ್ಡ ಅದಾನ. ಮೂಗು ಮಾತ್ರ ಹಂಗ ಐತಿ." ಮುಂದಿನ ಸೋಮವಾರ ಹೊಸ ಕಥೆ ಶುರುವಾಗುತ್ತದೆ.

ನಾನು ಮಠದಲ್ಲಿ ಪುರಾಣ ಓದಿಕೊಂಡು ಬಂದವನು. ಊರಿನವರು ನನ್ನನ್ನು ಪುರಾಣದಜ್ಜ ಎನ್ನುತ್ತಾರೆ. ಈ ಬಿಳಿಯರ ಖಳರ ವಿಷಯವಾಗಿ ನನಗೆ ಮೊದಲಿನಿಂದಲೂ ಒಂದು ಮರುಕವಿತ್ತು. ನಮ್ಮ ರಾಕ್ಷಸರು ದೇವರ ಕೈಯಿಂದ ಸಾಯುತ್ತಾರೆ, ಸತ್ತು ಅವನಲ್ಲಿಯೇ ಸೇರಿಹೋಗುತ್ತಾರೆ. ಈ ಬಡಪಾಯಿಗಳನ್ನು ಯಾವ ದೇವರ ಕೈಯೂ ಮುಟ್ಟುವುದಿಲ್ಲ. ಕಾಲು ಜಾರುತ್ತದೆ, ಗಾಡಿ ಉರುಳುತ್ತದೆ, ಕುದುರೆ ಬೆದರುತ್ತದೆ. ಒಳ್ಳೆಯವರು ಅತ್ತ ಮದುವೆಯ ಊಟಕ್ಕೆ ಕುಳಿತಿರುತ್ತಾರೆ. ಇವರು ಎಲ್ಲಿಗೆ ಹೋಗಬೇಕು? ನಮ್ಮ ಘಟ್ಟಕ್ಕೆ ಬರುತ್ತಾರೆ.

ಬಂದವರು ಕೆಟ್ಟ ಜನರೇನೂ ಅಲ್ಲ. ಕಥೆಯಲ್ಲಿ ಮಲತಾಯಿಯ ಹಿರಿಯ ಮಗನ ಬಂಗಲೆಗೆ ಬೆಂಕಿ ಹಚ್ಚಿದವನು ಈಗ ನಮ್ಮ ಸುಣ್ಣದ ಭಟ್ಟಿ ನೋಡಿಕೊಳ್ಳುತ್ತಾನೆ. ಅವನಷ್ಟು ಬೆಂಕಿಯ ಅಂಜಿಕೆ ಇರುವವರು ಊರಿನಲ್ಲಿ ಇನ್ನೊಬ್ಬರಿಲ್ಲ. ದೊಡ್ಡ ಮನೆಯ ಮಕ್ಕಳಿಗೆ ಪಾಠ ಹೇಳಲು ಹೋಗಿ ಆ ಮನೆಯ ಯಜಮಾನಿಯಾಗಲು ಹೊರಟಿದ್ದ ಹೆಂಗಸು ನಮ್ಮ ಹೆಣ್ಣುಮಕ್ಕಳ ಶಾಲೆಯಲ್ಲಿ ಲೆಕ್ಕ ಕಲಿಸುತ್ತಾಳೆ. ಇಷ್ಟು ವರ್ಷ ನೋಡುತ್ತ ಬಂದ ನನಗೆ ಒಂದು ಮಾತು ತೋರಿದೆ. ನಾವೆಯಿಂದ ಇಳಿದವರಲ್ಲಿ ದೊಡ್ಡ ಮನೆತನದ ಹಿರಿಯ ಮಗ ಒಬ್ಬನೂ ಇರಲಿಲ್ಲ. ಮಲಮಗ, ಸೇವಕಿ, ಕುಂಟ, ಮೆಳ್ಳಗಣ್ಣಿನವನು, ಬೇರೆ ದೇಶದಲ್ಲಿ ಹುಟ್ಟಿದವನು, ತಂದೆ ಯಾರೆಂದು ತಿಳಿಯದವನು, ಇಂಥವರೇ. ಹಿತ್ತಲ ಬಾಗಿಲಿನಿಂದ ಬಂದು ಪಡಸಾಲೆಯಲ್ಲಿ ಕುಳಿತುಕೊಳ್ಳಲು ನೋಡಿದವರು. ಈ ಮಾತನ್ನು ಮಗಳಿಗೆ ಹೇಳಿದಾಗ ಅವಳು ನಕ್ಕು, "ಅಪ್ಪಾ, ಮನಿಯೊಳಗ ಏನರೆ ಕೆಟ್ಟರ ಹೊರಗಿನವರ ಮ್ಯಾಲೆ ಹಾಕಿದರ ಮನಿಯವರು ನಿದ್ದಿ ಮಾಡ್ತಾರ," ಎಂದಿದ್ದಳು.

ಬಂದವರು ನಿಲ್ಲಬೇಕಾದರೆ ನಮ್ಮೂರಲ್ಲಿ ಒಂದು ಕಟ್ಟಳೆಯಿದೆ. ಆ ಖಳ ಕಥೆಯಲ್ಲಿ ಎಂಥ ನೋವು ಕೊಟ್ಟಿದ್ದಾನೋ ಅಂಥದೇ ನೋವನ್ನು ತಿಂದವರು ಯಾರಾದರೂ ಊರಿನಲ್ಲಿ ಅವನನ್ನು ಮನೆಗೆ ಕರೆದು ತಾಟು ಇಟ್ಟು ಉಣ್ಣಿಸಬೇಕು. ನೋವು ತಿಂದವರು ಬದುಕಿಲ್ಲದಿದ್ದರೆ ಅವರ ಮನೆಯವರು ಉಣ್ಣಿಸಬಹುದು. ಮುಂದಿನ ಗುರುವಾರದ ನಾವೆ ಹೊರಡುವುದರೊಳಗೆ ಯಾರೂ ತಾಟು ಇಡದಿದ್ದರೆ ಬಂದವನು ತಿರುಗಿ ಹೋಗಬೇಕು, ಮುಳುಗಿದವನು ಮುಳುಗಿದಲ್ಲಿಗೇ, ಬಿದ್ದವನು ಬಿದ್ದಲ್ಲಿಗೇ. ಸಾಮಾನ್ಯವಾಗಿ ಯಾರಾದರೂ ಇಡುತ್ತಾರೆ. ಒಬ್ಬಾಕೆ ಮಾತ್ರ ತಿರುಗಿ ಹೋದಳು. ನೆಟ್ಟಗಿದ್ದ ನಾದಿನಿಯನ್ನು ಹುಚ್ಚಿಯೆಂದು ಹೇಳಿ ಕೋಣೆಯಲ್ಲಿ ಕೂಡಿಹಾಕಿದ್ದವಳು ಆಕೆ. ಬಸಕ್ಕ ಘಟ್ಟದ ಮೇಲೆ ನಿಂತು ಕೂಗಿ ಕೂಗಿ ಕೇಳಿದಳು. ಅಂಥ ಕೋಣೆಗಳು ನಮ್ಮೂರಿನ ಯಾವ ಮನೆಗಳಲ್ಲಿವೆಯೆಂದು ಎಲ್ಲರಿಗೂ ಗೊತ್ತಿತ್ತು. ನಾನು ಎನ್ನುವವಳು ಒಬ್ಬಳೂ ಬರಲಿಲ್ಲ. ಬರಲು ಯಾರು ಬಿಡುತ್ತಿದ್ದರು?

ಇನ್ನು ನನ್ನ ಮಗಳ ಮಾತು. ಹೆಸರು ಶಿವಲೀಲೆ, ಕರೆಯುವುದು ಲೀಲವ್ವ. ಮದುವೆಯಾದ ವರ್ಷವೇ ಗಂಡನನ್ನು ಕಳೆದುಕೊಂಡು ನನ್ನ ಮನೆಗೆ ಬಂದವಳು. ಮಿಶನ್ನಿನ ಶಾಲೆಯಲ್ಲಿ ಕಲಿಸುವ ಬಾಯಿಯವರಿಂದ ಇಂಗ್ಲಿಷ್ ಕಲಿತಳು. ರಾಚಪ್ಪನ ಕಥೆಗಳನ್ನು ಕನ್ನಡ ಮಾಡುತ್ತಿದ್ದವಳು ಅವಳೇ. ಹಾಗಾಗಿ ನಮ್ಮೂರಿಗೆ ಬಂದ ಖಳರೆಲ್ಲ ಅವಳ ಕನ್ನಡವನ್ನೇ ಆಡುತ್ತಾರೆ. ಬರಬರುತ್ತ ಊರಿನ ಮಾತು ಹತ್ತಿ ಅದು ಸವೆದುಹೋಗುತ್ತದೆ, ಆದರೆ ಇಳಿದ ಹೊಸತರಲ್ಲಿ ಅವರು ಬಾಯಿ ತೆರೆದರೆ ಪುಸ್ತಕ ತೆರೆದ ಹಾಗೆ.

ಅವಳ ಕಥೆಗಳಲ್ಲಿ ಯಾರೇ ಯಾರ ಮನೆಗೆ ಹೋದರೂ ಮೊದಲು "ಊಟವಾಯಿತೆ?" ಎಂದು ಕೇಳುತ್ತಿದ್ದರು. ಮೂಲದಲ್ಲಿ ಅವರು ಮಳೆಯ ಮಾತೋ ಮಂಜಿನ ಮಾತೋ ಆಡುತ್ತಿದ್ದರಂತೆ. ರಾಚಪ್ಪನಿಗೆ ಇದು ಸರಿಬರಲಿಲ್ಲ.

"ಲೀಲವ್ವಾ, ವಿಷಾ ಹಾಕಾಂವ ಬಂದು ಊಟ ಆತೇನಂತ ಕೇಳ್ತಾನೇನವಾ?"

"ವಿಷಾ ಹಾಕಾಂವನ ಮೊದಲ ಕೇಳ್ತಾನ ಕಾಕಾ. ಅವಂಗ ಲೆಕ್ಕಾ ಬೇಕಲ್ಲ."

ಈ ವಿಷ ಹಾಕುವವನೇ ಡಾಕ್ಟರ್ ಒರ್ಬಾನ್. ಅವಳು ಮಾಡಿದ ಕೊನೆಯ ಕಥೆಯ ಖಳ. ಎಲ್ಲಿಂದಲೋ ಬಂದ ಪರದೇಶಿ ವೈದ್ಯ, ಮಾತು ಮೃದು, ಒಂದು ಕಣ್ಣು ಸ್ವಲ್ಪ ಓರೆ. ಒಬ್ಬ ಶ್ರೀಮಂತ ಹೆಂಗಸಿನ ಆಸ್ತಿಗಾಗಿ ಅವಳ ಹಾಲಿನಲ್ಲಿ ದಿನವೂ ಇಷ್ಟಿಷ್ಟೇ ವಿಷ ಬೆರೆಸುತ್ತಾನೆ. ಕೈಗೆ ಲೋಟ ಕೊಡುವಾಗ ಅವನು ಒಂದೇ ಮಾತು ಹೇಳುತ್ತಾನೆ: "ಆರುವ ಮೊದಲು ಕುಡಿದುಬಿಡಿ." ಕಟ್ಟೆಯ ಮೇಲೆ ಈ ಮಾತು ಬಂದಾಗಲೆಲ್ಲ ಹೆಂಗಸರು ಸೆರಗು ಬಾಯಿಗೊತ್ತಿಕೊಳ್ಳುತ್ತಿದ್ದರು. ನನಗೆ ಮಾತ್ರ ನಗು ಬರುತ್ತಿತ್ತು. ಅದು ಅವಳು ದಿನಾ ಬೆಳಿಗ್ಗೆ ಲಿಂಗಪೂಜೆಯಾದ ಮೇಲೆ ನನಗೆ ಹಾಲು ತಂದಿಟ್ಟು ಹೇಳುವ ಮಾತು. "ಆರೂಕಿಂತ ಮೊದಲ ಕುಡದುಬಿಡಪ್ಪಾ." ನಾನು ಕಣ್ಣು ಮುಚ್ಚಿ ಕುಳಿತುಬಿಟ್ಟರೆ ಹಾಲಿನ ಮೇಲೆ ಕೆನೆಗಟ್ಟುವುದೆಂದು ಅವಳಿಗೆ ಸಿಟ್ಟು.

ಆ ಕಥೆ ಅರ್ಧವಾಗುವಾಗ ಅವಳಿಗೆ ಜ್ವರ ಹಿಡಿಯಿತು. ಬಿಟ್ಟು ಬಿಟ್ಟು ಬರುವ ಜ್ವರ, ಮೈ ಬಿಳುಪೇರಿತು, ಕಾಲು ಬಾತವು. ನಮ್ಮೂರಿಗೆ ಒಬ್ಬರೇ ಡಾಕ್ಟರು, ಅಮ್ಮಣ್ಣ ಎಂದು. ಕರಾವಳಿಯ ಕಡೆಯ ಕ್ರೈಸ್ತರು. ಒಂಟಿ ಮನುಷ್ಯ. ಮಾತನಾಡುವಾಗ ಎದುರಿನವರ ಮುಖ ನೋಡದೆ ಗೋಡೆ ನೋಡುವ ಸಂಕೋಚದವರು. ದಿನವೂ ಬಂದು ನೋಡಿದರು. ಒಂದು ಕಂದು ಸೀಸೆಯಲ್ಲಿ ಔಷಧ ಕೊಟ್ಟರು. ಅವಳು ಮಲಗಿದಲ್ಲಿಂದಲೇ ಬಾಯಲ್ಲಿ ಹೇಳಿ ರಾಚಪ್ಪನ ಗುಮಾಸ್ತನಿಂದ ಬರೆಸಿ ಆ ಕಥೆಯನ್ನು ಮುಗಿಸಿದಳು. ಒರ್ಬಾನ್ ಓಡಿಹೋಗುವಾಗ ಕೆಸರಿನ ಹುದುಲಿನಲ್ಲಿ ಸಿಕ್ಕಿ, ಎದೆ, ಕೊರಳು, ಬಾಯಿ ಎಂದು ಮುಳುಗಿ ಸಾಯುವ ಕಂತನ್ನು ಹೇಳಿ ಮುಗಿಸಿದ ಮೇಲೆ, "ಪಾಪ, ಇಂವಗ ಒಂದು ಹಗ್ಗ ಒಗಿಯವರಿಲ್ಲಪ್ಪಾ," ಎಂದಳು. ಅದರ ಮುಂದಿನ ವಾರ ತೀರಿಕೊಂಡಳು.

ಮಣ್ಣು ಕೊಟ್ಟು ಬಂದ ದಿನ ಜನರೆಲ್ಲ ಪಡಸಾಲೆಯಲ್ಲಿ ಕುಳಿತಿದ್ದಾಗ ನನ್ನ ಕಣ್ಣು ಗೋಡೆಯ ಮಾಡದಲ್ಲಿದ್ದ ಆ ಸೀಸೆಯ ಮೇಲೆ ಬಿತ್ತು. ಅರ್ಧ ಉಳಿದಿತ್ತು. ಇದೇ ನನ್ನ ಮಗಳನ್ನು ತಿಂದಿತು ಎಂದು ಹೇಳಿದೆ. ಅಷ್ಟೇ ಹೇಳಿದ್ದು. ಆದರೆ ಕಟ್ಟೆಯ ಮೇಲೆ ಇನ್ನೂ ಒರ್ಬಾನನ ಕಂತುಗಳು ನಡೆಯುತ್ತಿದ್ದವು. ಒಂದು ಸೋಮವಾರ ಅವನು ಹಾಲಿನಲ್ಲಿ ಬೆರೆಸಿದ್ದನ್ನು ಕೇಳಿದವರು ಮಂಗಳವಾರ ಅಮ್ಮಣ್ಣನವರ ದವಾಖಾನೆಯ ಮುಂದೆ ಹಾಯ್ದುಹೋಗಬೇಕಾಗುತ್ತಿತ್ತು. ಜನ ಆ ಬೀದಿ ಬಿಟ್ಟು ಸುತ್ತಿ ಹೋಗತೊಡಗಿದರು. ಕೊಟ್ಟ ಔಷಧವನ್ನು ಅವರ ಮೆಟ್ಟಿಲ ಮೇಲೆಯೇ ಸುರಿದು ಹೋದರು. ಹಾಲಿನವಳು ಅವರ ಪಾತ್ರೆ ಮುಟ್ಟದೆ ಎತ್ತರದಿಂದ ಹೊಯ್ದಳು. ಮಕ್ಕಳು ಕಿಟಕಿಯ ಕೆಳಗೆ ನಿಂತು "ಆರೂಕಿಂತ ಮೊದಲ ಕುಡೀರಿ!" ಎಂದು ಕೂಗಿ ಓಡಿದವು. ಯಾರೋ ಬಂದು ನನಗೆ ಇದನ್ನೆಲ್ಲ ಹೇಳುವರು, ನಾನು ವಿಭೂತಿ ಹಚ್ಚಿಕೊಳ್ಳುತ್ತ ಕೇಳುವೆನು. ಬೇಡ ಎನ್ನಲಿಲ್ಲ.

ಕೊನೆಯ ಕಂತು ಅಚ್ಚಾಯಿತು. ಗುರುವಾರ ಒರ್ಬಾನ್ ಇಳಿದ. ತಲೆಯಿಂದ ಕಾಲಿನವರೆಗೆ ಕರಿಯ ಕೆಸರು. ಬಸಕ್ಕ ಕೊಡದ ಮೇಲೆ ಕೊಡ ಸುರಿದಳು. ನಾನು ಹೋಗಬಾರದೆಂದುಕೊಂಡಿದ್ದವನು ಹೋಗಿ ಮೆಟ್ಟಿಲ ಕೊನೆಯಲ್ಲಿ ನಿಂತಿದ್ದೆ. ಕೆಸರು ಹೋದಂತೆ ಒಳಗಿನಿಂದ ಒಬ್ಬ ವಯಸ್ಸಾದ, ಸಣ್ಣ ಕೈಗಳ ಮನುಷ್ಯ ಹೊರಬಂದ. ಅವನು ಕಣ್ಣೊರೆಸಿಕೊಂಡು ಸುತ್ತ ನೋಡಿ, ಎಲ್ಲರಿಗಿಂತ ಹಿರಿಯನೆಂದೋ ಏನೋ ನನ್ನ ಕಡೆ ತಿರುಗಿ ಕೈಮುಗಿದ.

"ಊಟವಾಯಿತೆ, ಅಪ್ಪಾ?" ಎಂದು ಕೇಳಿದ.

ಅದು ಅವಳ ಮಾತು. ದನಿ ಗಂಡಸಿನದು, ಆದರೆ ಮಾತು ನಿಲ್ಲುವ ಜಾಗ, ಅಪ್ಪಾ ಎನ್ನುವ ಮೊದಲಿನ ಆ ಚೂರು ಬಿಡುವು, ಅದು ಅವಳದೇ. ನಾನು ನೆಟ್ಟಗೆ ಮನೆಗೆ ಬಂದು ಲಿಂಗವನ್ನು ಅಂಗೈಯಲ್ಲಿಟ್ಟುಕೊಂಡು ಕುಳಿತೆ. ಮನಸ್ಸು ನಿಲ್ಲಲಿಲ್ಲ.

ಮರುದಿನದಿಂದ ನಾನು ಘಟ್ಟದ ಚಾವಡಿಗೆ ಹೋಗತೊಡಗಿದೆ. ತಾಟು ಸಿಗುವವರೆಗೆ ಖಳರು ಅಲ್ಲಿಯೇ ಇರುವುದು, ಬಸಕ್ಕ ಕೊಟ್ಟ ಚುರುಮುರಿ ತಿಂದುಕೊಂಡು. ಒರ್ಬಾನ್ ನನಗೆ ಕಂಬಳಿ ಹಾಸಿಕೊಡುವನು. ನಾನು ಏನಾದರೂ ಕೇಳುವೆನು, ಅವನು ಹೇಳುವನು. ಅವನ ಊರಿನ ಮಂಜು, ಮೊದಲ ಸಲ ದೊಡ್ಡ ಬಂಗಲೆಗೆ ಹೋದಾಗ ಬಾಗಿಲಿನವನು ತನ್ನ ಬೂಟು ನೋಡಿದ್ದು, ಅಡಿಗೆಯವರ ಜೊತೆ ಉಣ್ಣಲು ಕೂರಿಸಿದ್ದು. ಏನು ಹೇಳಿದರೇನು, ನನಗೆ ಬೇಕಾದದ್ದು ಅದನ್ನು ಹೇಳುವ ರೀತಿ. "ಹೀಗಿರುವಲ್ಲಿ" ಎಂದು ಶುರುಮಾಡಿ ಒಂದು ಗುಟುಕು ನೀರು ಕುಡಿಯುವನು. ಲೀಲವ್ವನೂ ಹಾಗೇ.

ಬಸಕ್ಕ ಇದನ್ನು ನೋಡುತ್ತಿದ್ದಳು. ಅವಳು ನನಗಿಂತ ಚಿಕ್ಕವಳು, ಆದರೆ ಊರಿನ ಕಟ್ಟಳೆ ಅವಳ ಕೈಯಲ್ಲಿದೆ.

"ಅಜ್ಜಾರ, ಒಂದು ಮಾತು ಕೇಳ್ಲೇನ್ರಿ? ನಮ್ಮೂರಾಗ ವಿಷಾ ಕುಡಿಸಿಕೊಂಡವರು ಯಾರೂ ಇಲ್ಲ. ಹಾವು ಕಡದವರದಾರ, ಅದು ಲೆಕ್ಕಕ್ಕ ಬರೂದಿಲ್ಲ. ಇರೂದು ನಿಮ್ಮದೊಂದ ಮನಿ."

"ನಂದು ಹೆಂಗವಾ?"

"ನೀವಽ ಅಂದೀರಲ್ರಿ, ಡಾಕ್ಟರನ ಔಷಧ ಮಗಳನ್ನ ತಿಂತು ಅಂತ. ಊರಿಗೆಲ್ಲ ಗೊತ್ತದ. ನೀವು ತಾಟು ಇಟ್ಟರ ಈತ ಉಳೀತಾನ. ಇಲ್ಲಂದ್ರ ಗುರುವಾರ ಕೆಸರಿಗೆ."

ತಾಟು ಇಟ್ಟವರ ಮನೆಯಲ್ಲಿಯೇ ಬಂದವನು ಇರುವುದು ರೂಢಿ, ನಾನು ಇಟ್ಟರೆ ಅವನು ನಮ್ಮ ಮನೆಯ ಪಡಸಾಲೆಯಲ್ಲಿಯೇ ಇರುತ್ತಾನೆ. ಆ ಮಾತು ಮನೆಯಲ್ಲಿರುತ್ತದೆ. ಆದರೆ ತಾಟು ಇಡುವವರು ಘಟ್ಟದ ಮೇಲೆ, ಎಲ್ಲರೆದುರಿಗೆ, ಇಷ್ಟದೇವರ ಮೇಲೆ ಕೈಯಿಟ್ಟು, ಇಂಥದೇ ನೋವು ನನಗೂ ಆಗಿದೆ ಎಂದು ಹೇಳಬೇಕು. ಪಡಸಾಲೆಯಲ್ಲಿ ದುಃಖದಲ್ಲಿ ಆಡಿದ ಮಾತು ಬೇರೆ, ಲಿಂಗ ಮುಟ್ಟಿ ಆಡುವ ಮಾತು ಬೇರೆ. ಹಾಗೆ ಹೇಳಿದ ಮೇಲೆ ಅಮ್ಮಣ್ಣನವರಿಗೆ ಈ ಊರಿನಲ್ಲಿ ಒಂದು ದಿನವೂ ಬಾಳುವೆಯಿಲ್ಲ. ಇರದಿದ್ದರೆ ಇಲ್ಲ ಎಂದು ಒಂದು ಮನಸ್ಸು. ಔಷಧದಲ್ಲಿ ಏನಿತ್ತೋ ನನಗೇನು ಗೊತ್ತು ಎಂದು ಇನ್ನೊಂದು.

ಗೊತ್ತಿರುವವನು ಚಾವಡಿಯಲ್ಲಿಯೇ ಇದ್ದ. ಬುಧವಾರ ಮಧ್ಯಾಹ್ನ ನಾನು ಮಾಡದಿಂದ ಸೀಸೆ ತೆಗೆದು ಅರಿವೆಯಲ್ಲಿ ಸುತ್ತಿಕೊಂಡು ಹೋದೆ. ಖರೆ ಹೇಳಬೇಕೆಂದರೆ, ಇದರಲ್ಲಿ ವಿಷವಿದೆಯೆಂದು ಅವನು ಹೇಳಲಿ ಎಂದೇ ನನ್ನ ಆಸೆ. ಹೇಳಿದರೆ ನನ್ನ ಕೈ ಚೊಕ್ಕ, ತಾಟು ಇಡುವುದಕ್ಕೆ ಅಡ್ಡಿಯಿಲ್ಲ.

ಒರ್ಬಾನ್ ಸೀಸೆಯನ್ನು ಬೆಳಕಿಗೆ ಹಿಡಿದ. ಬಿರಡೆ ತೆಗೆದು ಮೂಸಿದ. ಅಂಗೈ ಮೇಲೆ ಒಂದು ಹನಿ ಹಾಕಿಕೊಂಡು ನಾಲಿಗೆಯ ತುದಿಗೆ ಮುಟ್ಟಿಸಿ, ಕಣ್ಣು ಮುಚ್ಚಿ ಕುಳಿತ. ಬಸಕ್ಕ ಮೊರ ಕೆಳಗಿಟ್ಟು ನೋಡುತ್ತಿದ್ದಳು.

"ಜ್ವರಕ್ಕೆ ಕೊಡುವ ತೊಗಟೆಯ ಕಷಾಯ. ಸ್ವಲ್ಪ ಕಬ್ಬಿಣದ ಸತ್ವ. ಮೈಯಲ್ಲಿ ರಕ್ತ ಕಡಿಮೆಯಾಗಿತ್ತೆ?"

"ಹೌದು."

"ಹೀಗಿರುವಲ್ಲಿ ನಾನಾದರೂ ಇದನ್ನೇ ಕೊಡುತ್ತಿದ್ದೆ. ನಾನು ಗುಣಪಡಿಸಬೇಕೆಂದುಕೊಂಡಿದ್ದರೆ." ಅವನು ಇನ್ನೊಮ್ಮೆ ನಾಲಿಗೆ ಚಪ್ಪರಿಸಿದ. "ಜೇನು ಬೆರೆಸಿದ್ದಾರೆ. ಈ ಔಷಧಕ್ಕೆ ಜೇನು ಬೇಕಿಲ್ಲ, ಇದು ಪುಸ್ತಕದಲ್ಲಿಲ್ಲ. ಕೊಟ್ಟವರು ರೋಗಿ ಮುಖ ಕಿವಿಚುವುದನ್ನು ನೋಡಲಾರದವರು ಇರಬೇಕು."

ಲೀಲವ್ವನಿಗೆ ಚಿಕ್ಕಂದಿನಿಂದ ಕಹಿ ಆಗುತ್ತಿರಲಿಲ್ಲ.

"ವಿಷ?" ಎಂದೆ.

"ಇಲ್ಲ, ಅಪ್ಪಾ. ನನಗೆ ತಿಳಿಯದ ವಿಷವಿಲ್ಲ."

ಬಸಕ್ಕ ಎದ್ದು ಬಂದು ಅವನ ಮುಂದೆ ನಿಂತಳು. "ಏ ಯಪ್ಪಾ, ನೀ ಏನಂದಿ ನಿನಗ ತಿಳೀತೇನ? ಹಂಗಂದ್ರ ಅಜ್ಜಾರ ತಾಟು ನಿನಗ ನಡಿಯೂದಿಲ್ಲ. ನಾಳೆ ನಾವಿ ಹತ್ತಬೇಕಾಗ್ತದ."

"ತಿಳಿಯಿತು, ತಾಯಿ."

"ಮತ್ತ್ಯಾಕ ಹೇಳಿದಿ? ಐತಿ ಅಂದಿದ್ದರ ಮುಗೀತಿತ್ತಲ್ಲ."

ಅವನು ಬಿರಡೆಯನ್ನು ಬಿಗಿಯಾಗಿ ಹಾಕಿ ಸೀಸೆಯನ್ನು ನನ್ನ ಕೈಗೆ ಕೊಟ್ಟ. "ಆ ಕಥೆಯಲ್ಲಿ ಎಲ್ಲರೂ ನನ್ನ ವಿಷಯವಾಗಿ ಮಾತನಾಡಿದರು. ನನ್ನನ್ನು ಕರೆದು, ಇದರಲ್ಲಿ ಏನಿದೆ ಹೇಳಪ್ಪ ಎಂದು ಯಾರೂ ಕೇಳಲಿಲ್ಲ. ಇವರು ಕೇಳಿದರು." ಆಮೇಲೆ ತನ್ನ ಸಣ್ಣ ಕೈಗಳನ್ನು ನೋಡಿಕೊಳ್ಳುತ್ತ, "ಕೆಸರು ಬಹಳ ತಣ್ಣಗಿರುತ್ತದೆ," ಎಂದ.

ನಾನು ಅಲ್ಲಿಂದ ನೆಟ್ಟಗೆ ದವಾಖಾನೆಗೆ ಹೋದೆ. ಎಷ್ಟೋ ದಿನಗಳ ಮೇಲೆ ಆ ಬೀದಿ ಹಿಡಿದದ್ದು. ಮೆಟ್ಟಿಲ ಮೇಲೆ ಸುರಿದ ಔಷಧದ ಕಲೆಗಳು ಒಣಗಿ ಕಪ್ಪಾಗಿದ್ದವು. ಒಳಗೆ ಅಮ್ಮಣ್ಣನವರು ಸೀಸೆಗಳನ್ನು ಹುಲ್ಲಿನಲ್ಲಿ ಸುತ್ತಿ ಪೆಟ್ಟಿಗೆಗೆ ತುಂಬುತ್ತಿದ್ದರು. ನನ್ನನ್ನು ಕಂಡು ಎದ್ದು, ಗೋಡೆಯನ್ನು ನೋಡುತ್ತ, "ಬನ್ನಿ ಅಜ್ಜಾ, ಕುಳಿತುಕೊಳ್ಳಿ," ಎಂದರು. ಕುಳಿತುಕೊಳ್ಳಲು ಕುರ್ಚಿ ಇರಲಿಲ್ಲ, ಅದನ್ನೂ ಕಟ್ಟಿಯಾಗಿತ್ತು.

"ಎಲ್ಲಿಗೆ?" ಎಂದೆ.

"ಊರಿಗೆ. ನಾಳೆ ದೋಣಿ ಉಂಟಲ್ಲ, ಅದರಲ್ಲೇ."

ನಾನು ಅರಿವೆ ಬಿಚ್ಚಿ ಸೀಸೆ ತೋರಿಸಿದೆ. "ಡಾಕ್ಟರ, ಇದರಾಗ ಏನೂ ಇರಲಿಲ್ಲ."

"ನನಗೆ ಗೊತ್ತುಂಟು ಅಜ್ಜಾ," ಎಂದರು. ಕೋಪವಿರಲಿಲ್ಲ. ಪೆಟ್ಟಿಗೆಯ ಹುಲ್ಲನ್ನು ಸರಿಮಾಡಿದರು. "ಆದರೆ ಅವರು ಉಳಿಯಲಿಲ್ಲ ಅಲ್ವಾ. ಮತ್ತೆ ನಾನು ಏನು ಅಂತ ಹೇಳುದು? ನಾನು ಕೊಟ್ಟದ್ದು ಒಳ್ಳೇದೇ, ಆದರೂ ಹೋದರು ಅಂತ ಹೇಳಿದರೆ ನಿಮಗೆ ಏನು ಸಮಾಧಾನ? ಹಾಗೆ ಸುಮ್ಮನಿದ್ದೆ."

"ಜೇನು ಹಾಕಿದ್ದಿರಂತ."

"ಅವರೇ ಕೇಳಿದ್ದು. ಬರೆಸುವಾಗ ಬಾಯಿ ಕಹಿಯಾದರೆ ಒಳ್ಳೆ ಮಾತು ಬರುದಿಲ್ಲ ಡಾಕ್ಟ್ರೇ ಅಂದರು." ಅವರು ಮೊದಲ ಸಲ ನನ್ನ ಮುಖ ನೋಡಿದರು. "ನಾನು ನಾಡಿ ಹಿಡಿದಾಗಲೂ ಬರೆಸುತ್ತಲೇ ಇದ್ದರು ಮಾರಾಯ್ರೇ. ಆ ಒರ್ಬಾನನ್ನ ಕೆಸರಿಗೆ ಹಾಕುವಾಗ ನಾನು ಅಲ್ಲೇ ಇದ್ದೆ."

ನಾನು ಸೀಸೆಯನ್ನು ತಿರುಗಿ ಅರಿವೆಯಲ್ಲಿ ಸುತ್ತಿದೆ. ಕೊನೆಗೆ ಅವರೇ, "ಆ ಮನುಷ್ಯ ಬಂದಿದ್ದಾನಂತೆ. ಯಾರ ಮನೆಯಲ್ಲಿ ಊಟ?" ಎಂದು ಕೇಳಿದರು.

"ಯಾರ ಮನ್ಯಾಗೂ ಇಲ್ಲ. ನಮ್ಮೂರಾಗ ವಿಷಾ ಉಂಡವರು ಯಾರೂ ಇಲ್ಲಂತ ಆತು. ನಾಳೆ ಅವನೂ ಅದಽ ನಾವ್ಯಾಗ."

"ಹಾಗಾದರೆ ಒಟ್ಟಿಗೇ ಹೋಗುದು," ಎಂದು ಸಣ್ಣಗೆ ನಕ್ಕರು. ನಗು ಬೇಗ ಆರಿಹೋಯಿತು. ಕೈಯಲ್ಲಿದ್ದ ಸೀಸೆಯನ್ನು ಹುಲ್ಲಿನಲ್ಲಿಡದೆ ಹಾಗೇ ಹಿಡಿದುಕೊಂಡು ಕುಳಿತರು. ನಾನು ಶರಣು ಹೇಳಿ ಎದ್ದು ಬಂದೆ.

ಗುರುವಾರ ಬೆಳಿಗ್ಗೆ ನನಗೆ ಪೂಜೆಯಲ್ಲಿ ಕೂರಲಾಗಲಿಲ್ಲ. ನನ್ನ ದೇವರ ಮುಂದೆ ನಾನು ಎಂದೂ ಅಷ್ಟು ಬರಿಗೈಯಾಗಿ ಕುಳಿತವನಲ್ಲ. ಘಟ್ಟಕ್ಕೆ ಹೋದಾಗ ಜನ ಸೇರಿದ್ದರು. ಡಾಕ್ಟರರ ಪೆಟ್ಟಿಗೆಗಳು ಮೆಟ್ಟಿಲ ಮೇಲಿದ್ದವು, ಅವುಗಳ ಸುತ್ತ ಜನ ಜಾಗ ಬಿಟ್ಟು ನಿಂತಿದ್ದರು. ಒರ್ಬಾನ್ ತನ್ನ ಕೆಸರು ಹಿಡಿದ ಹಳೆಯ ಕೋಟನ್ನೇ ಹಾಕಿಕೊಂಡು, ಬಸಕ್ಕನ ಧೋತರವನ್ನು ಒಗೆದು ಮಡಚಿ ಅವಳ ಕೈಗೆ ಕೊಟ್ಟಿದ್ದ. ನಾವೆ ಬಂದು ನಿಂತಿತು.

ಬಸಕ್ಕ ಕಟ್ಟಳೆಯಂತೆ ಕೂಗಿದಳು. "ಈತ ಕೊಟ್ಟಂಥಾದ್ದನ್ನ ಉಂಡವರು ಊರಾಗ ಯಾರರೆ ಇದ್ದೀರೇನ್ರಿ?"

ಜನ ನನ್ನ ಕಡೆ ನೋಡಿದರು. ನಾನು ಮುಂದೆ ಬಂದೆ. ದನಿ ಎತ್ತಿ ಹೇಳಿದೆ: "ನನ್ನ ಮಗಳು ಬ್ಯಾನಿಯಿಂದ ತೀರಿಕೊಂಡಳು. ಡಾಕ್ಟರ ಕೊಟ್ಟದ್ದು ಔಷಧ. ವಿಷಾ ಅಲ್ಲ. ನಾನು ಅಂದದ್ದು ಸುಳ್ಳು." ಲಿಂಗದ ಮೇಲೆ ಕೈಯಿತ್ತು.

ರಾಚಪ್ಪ ತಲೆ ಕೆಳಗೆ ಹಾಕಿದ. ಹಿಂದೆ ಯಾರೋ, "ಹಂಗಾದ್ರ ಆಕಿನ್ನ ಕೊಂದಾವರ್ಯಾರು?" ಎಂದರು. ಇನ್ಯಾರೋ ಅವನನ್ನು ಸುಮ್ಮನಿರಿಸಿದರು. ಬಸಕ್ಕ ಎರಡನೆಯ ಸಲ ಕೂಗಿದಳು. ಒರ್ಬಾನ್ ನಾವೆಯ ಕಡೆ ಒಂದು ಹೆಜ್ಜೆ ಇಟ್ಟ.

"ನಾನಿದ್ದೇನೆ," ಎಂದಿತು ಪೆಟ್ಟಿಗೆಗಳ ಕಡೆಯ ದನಿ.

ಬಸಕ್ಕ ತಿರುಗಿದಳು. "ಡಾಕ್ಟರ, ನಿಮಗ ಯಾರು ವಿಷಾ ಹಾಕಿದರ್ರಿ?"

ಅಮ್ಮಣ್ಣನವರು ಕೊರಳ ಶಿಲುಬೆಯ ಮೇಲೆ ಕೈಯಿಟ್ಟು, ನದಿಯ ಆಚೆ ದಡವನ್ನು ನೋಡುತ್ತ ಹೇಳಿದರು. ಬಹಳ ಮೆಲ್ಲಗೆ ಹೇಳಿದ್ದರಿಂದ ಜನ ಬಿಟ್ಟಿದ್ದ ಜಾಗವನ್ನು ದಾಟಿ ಹತ್ತಿರ ಬರಬೇಕಾಯಿತು. "ಇವನ ಕಥೆಯಲ್ಲಿ ಆ ಹೆಂಗಸಿಗೆ ಒಂದೇ ಸಲ ಕೊಟ್ಟದ್ದಲ್ಲ ಅಲ್ವಾ? ದಿನಾ ಸ್ವಲ್ಪ ಸ್ವಲ್ಪ. ಹಾಲಿನಲ್ಲಿ ಒಂದಿಷ್ಟು. ಮೊದಲು ಊಟ ಸೇರುದಿಲ್ಲ. ಮತ್ತೆ ನಿದ್ರೆ ಬರುದಿಲ್ಲ. ಮತ್ತೆ ಕನ್ನಡಿಯಲ್ಲಿ ನೋಡಿದರೆ ತನಗೇ ತಾನು ಯಾರೋ ಅಂತ ಕಾಣುದು. ನನಗೂ ಹಾಗೇ ಆಗಿದೆ. ಕೆಲವು ದಿನ ನಾನೇ ಆ ಸೀಸೆಯಲ್ಲಿ ಏನು ಹಾಕಿದ್ದೆ ಅಂತ ಕುಳಿತು ನೆನಪು ಮಾಡಿದ್ದೇನೆ. ಇದು ಕಟ್ಟಳೆಗೆ ಬರ್ತದಾ ಇಲ್ವಾ, ನೀವೇ ಹೇಳಬೇಕು ಅಕ್ಕಾ."

ಹಾಲಿನವಳು ಅಲ್ಲಿಯೇ ಇದ್ದಳು. ಸೆರಗನ್ನು ಮುಖಕ್ಕೆ ಎಳೆದುಕೊಂಡಳು.

"ಬರ್ತದ," ಎಂದಳು ಬಸಕ್ಕ. "ಹಾಕಿದಾವರ ಹೆಸರು ಹೇಳ್ತೀರೇನ್ರಿ?"

"ಹೆಸರು ಬೇಡ. ಇವನಿಗೆ ಒಂದು ಊಟ ಹಾಕುದು, ಅಷ್ಟೇ. ಪಾತ್ರೆ ಎಲ್ಲ ಪೆಟ್ಟಿಗೆಯಲ್ಲಿ ಉಂಟು, ಸ್ವಲ್ಪ ಹೊತ್ತಾಗಬಹುದು."

ಪೆಟ್ಟಿಗೆಗಳನ್ನು ಜನ ತಾವೇ ಹೊತ್ತುಕೊಂಡು ತಿರುಗಿ ಬೀದಿಗೆ ನಡೆದರು. ನಾವೆ ಬರಿದಾಗಿ ಹೋಯಿತು. ನಾನು ಮನೆಯ ಕಡೆ ತಿರುಗಿದವನು ನಿಂತೆ. ಬಸಕ್ಕ ನನ್ನನ್ನೇ ನೋಡುತ್ತಿದ್ದಳು.

"ಬಸವ್ವಾ," ಎಂದೆ, "ಕಟ್ಟಳೆ ಕಥ್ಯಾಗಿನ ಮಂದಿಗಷ್ಟಽನೋ, ಊರಾಗಿನವರಿಗೂ ಐತೋ?"

"ಇಲ್ಲೀತನ ಯಾರೂ ಕೇಳಿಲ್ಲರಿ ಅಜ್ಜಾರ. ಹೋಗಿ ಬಾಗಿಲಾಗ ನಿಂದರ್ರಿ. ಹಾಕಿದರ ಉಣ್ರಿ."

ನಾನು ಹುಟ್ಟಿದಾಗಿನಿಂದ ಲಿಂಗವಂತರಲ್ಲದವರ ಮನೆಯಲ್ಲಿ ನೀರು ಕುಡಿದವನಲ್ಲ. ಇದನ್ನು ಹೆಮ್ಮೆಯಿಂದ ಹೇಳುತ್ತಿಲ್ಲ, ನಾಚಿಕೆಯಿಂದಲೂ ಅಲ್ಲ, ಹಾಗಿತ್ತು ಎಂದು ಹೇಳುತ್ತಿದ್ದೇನೆ. ದವಾಖಾನೆಯ ಬಾಗಿಲಲ್ಲಿ ನಿಂತೆ. ಒಳಗೆ ಒಲೆ ಹೊತ್ತಿತ್ತು. ಒರ್ಬಾನ್ ನೆಲದ ಮೇಲೆ ಹುಲ್ಲಿನ ನಡುವೆ ಕುಳಿತು ಪೆಟ್ಟಿಗೆಯಿಂದ ತಾಟು ತೆಗೆಯುತ್ತಿದ್ದ. ಅಮ್ಮಣ್ಣನವರು ಬಾಗಿಲ ಕಡೆ ನೋಡಿದರು. ಬನ್ನಿ ಎನ್ನಲಿಲ್ಲ. ಒರ್ಬಾನನಿಗೆ, "ಇನ್ನೊಂದು ತೆಗೆಯಿರಿ," ಎಂದರು.

ನನ್ನನ್ನು ನೋಡಿ ಅವರು ಗಂಜಿಯನ್ನಷ್ಟೇ ಮಾಡಿದರು. ಗಂಜಿ, ಮಾವಿನ ಮಿಡಿಯ ಉಪ್ಪಿನಕಾಯಿ. "ಮೀನು ಮಾಂಸ ಏನೂ ಇಲ್ಲ ಅಜ್ಜಾ, ಮಡಕೆಯೂ ಹೊಸತೇ," ಎಂದರು. ಒರ್ಬಾನನ ಪಕ್ಕದಲ್ಲಿ, ಅದೇ ಸಾಲಿನಲ್ಲಿ ಕುಳಿತೆ. ತಾಟಿನಿಂದ ಹಬೆ ಏಳುತ್ತಿತ್ತು. ಲಿಂಗಕ್ಕೆ ತೋರಿಸಿ ಕಣ್ಣು ಮುಚ್ಚಿದೆ. ಮುಚ್ಚಿದ ಕಣ್ಣು ತೆರೆಯಲಾಗಲಿಲ್ಲ. ಎಷ್ಟು ಹೊತ್ತಾಯಿತೋ.

ಪಕ್ಕದಲ್ಲಿ ಒರ್ಬಾನ್ ಏನೋ ಹೇಳಲು ಉಸಿರು ತೆಗೆದುಕೊಂಡದ್ದು ಕೇಳಿಸಿತು. ಹೇಳದೆ ನಿಲ್ಲಿಸಿದ. ಆ ಮಾತನ್ನು ಈ ಮನೆಯಲ್ಲಿ ಹೇಗೆ ಹೇಳುವುದೆಂದು ಅವನಿಗೆ ಅಂಜಿಕೆ. ಎಷ್ಟು ಮಕ್ಕಳು ಆ ಕಿಟಕಿಯ ಕೆಳಗೆ ನಿಂತು ಅದನ್ನು ಕೂಗಿರಲಿಲ್ಲ?

"ಹೇಳಿ, ಅಡ್ಡಿಯಿಲ್ಲ," ಎಂದರು ಅಮ್ಮಣ್ಣನವರು. "ಅದು ಅವರ ಮಗಳ ಮಾತು."

"ಆರುವ ಮೊದಲು ಉಂಡುಬಿಡಿ," ಎಂದ ಒರ್ಬಾನ್, ಮತ್ತೆ ಆ ಚೂರು ಬಿಡುವು ಕೊಟ್ಟು, "ಅಪ್ಪಾ."

ನಾನು ಕಣ್ಣು ತೆರೆದೆ. ಗಂಜಿಯ ಮೇಲೆ ಇನ್ನೂ ಕೆನೆಗಟ್ಟಿರಲಿಲ್ಲ. ಉಂಡೆ.